ಸಾವಿರ ಗರುಡರಲ್ಲಿ ಇಬ್ಬರು

ಕನ್ನಡದಲ್ಲಿ ಚಾರಿತ್ರಿಕ ಕಾದಂಬರಿಗೆ ಮತ್ತೆ ಒಳ್ಳೆಯ ಕಾಲ ಬಂದಿದೆ. ವಸುಧೇಂದ್ರರ ‘ತೇಜೋ-ತುಂಗಭದ್ರಾ’ 2019ರಲ್ಲಿ ಬಂದು ಲಿಸ್ಬನ್, ಗೋವೆ, ವಿಜಯನಗರಗಳನ್ನು ಒಂದೇ ಕಥೆಯೊಳಗೆ ತಂದಿತು. ಅದಕ್ಕೂ ಮೊದಲು, 2013ರಲ್ಲಿ, ಅವರೇ ‘ಮೋಹನಸ್ವಾಮಿ’ಯ ಕಥೆಗಳಲ್ಲಿ ಗಂಡಸನ್ನು ಪ್ರೀತಿಸುವ ಗಂಡಸಿನ ಬದುಕನ್ನು ಇಂದಿನ ಕರ್ನಾಟಕದ ನಡುವೆಯೇ ಇಟ್ಟು ಬರೆದಿದ್ದರು. ಎರಡನ್ನೂ ಓದಿದ ಹೊಸ ತಲೆಮಾರು ಒಂದು ಪ್ರಶ್ನೆ ಕೇಳುತ್ತಿದೆ: ಮೋಹನಸ್ವಾಮಿಯಂಥವನು ಹೊಯ್ಸಳರ ದೋರಸಮುದ್ರದಲ್ಲಿ ಎಲ್ಲಿದ್ದ? ಹಂಪಿಯ ಅಂತಃಪುರದಲ್ಲಿ ಹೆಣ್ಣನ್ನು ಪ್ರೀತಿಸಿದ ಹೆಣ್ಣು ಯಾರು? ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನಮ್ಮ ತಲೆಮಾರು ಇತಿಹಾಸವನ್ನು ಕಲಿತ ಬಗೆ ನೆನಪಾಗುತ್ತದೆ. ಪಠ್ಯಪುಸ್ತಕ ನಮಗೆ ಇಸವಿಗಳನ್ನು, ಯುದ್ಧಗಳನ್ನು, ರಾಜರ ಸಾಧನೆಗಳ ಪಟ್ಟಿಯನ್ನು ಕೊಟ್ಟಿತು. ಹಿಂದೆಯೂ ಉಸಿರಾಡುವ, ಸಂಕಟಪಡುವ ಮನುಷ್ಯರಿದ್ದರು ಎಂದು ನಂಬಿಸಿದವರು ಕಾದಂಬರಿಕಾರರು. ವಾರಪತ್ರಿಕೆಯ ಧಾರಾವಾಹಿ, ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಯ ರಟ್ಟು ಕಿತ್ತ ಪ್ರತಿ, ಮನೆಯ ಹೆಂಗಸರು ಒಬ್ಬರಾದ ಮೇಲೊಬ್ಬರು ಓದಿ ಮಡಿಚಿಟ್ಟ ಪುಟಗಳು: ದುರ್ಗದ ನಾಯಕರೂ ಹಳೇಬೀಡಿನ ರಾಣಿಯರೂ ನಮ್ಮ ಮನೆಗಳಿಗೆ ಬಂದದ್ದು ಆ ದಾರಿಯಲ್ಲಿ. ಆ ಪುಸ್ತಕಗಳ ಮೇಲಿನ ಪ್ರೀತಿ ನನ್ನಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ಅವು ಯಾರನ್ನು ಒಳಗೆ ಕರೆದವು, ಯಾರನ್ನು ಬಾಗಿಲಲ್ಲೇ ನಿಲ್ಲಿಸಿದವು ಎಂಬುದನ್ನು ಈಗ ಕೇಳಿಕೊಳ್ಳಲೇಬೇಕಾಗಿದೆ.

ಮೊದಲು ಅವು ಮಾಡಿದ್ದೇನು ಎಂದು ನೋಡೋಣ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರದು. ಕೊಡಗು 1834ರಲ್ಲಿ ಇಂಗ್ಲಿಷರ ಕೈಸೇರಿದ ಕಥೆ. ರಾಜ್ಯ ಹೋದ ಬಗೆಗೆ ಕಾಗದಪತ್ರಗಳಿವೆ. ದೊರೆ ರಾತ್ರಿ ನಿದ್ದೆ ಬಾರದೆ ಏನು ಯೋಚಿಸಿದ, ತನ್ನ ಆಪ್ತ ಕುಂಟ ಬಸವನೊಡನೆ ಒಳಮನೆಯಲ್ಲಿ ಏನು ಮಾತಾಡಿದ ಎಂಬುದಕ್ಕೆ ಕಾಗದವಿಲ್ಲ. ಮಾಸ್ತಿ ಅದನ್ನು ಬರೆದರು, ನಾವು ನಂಬಿದೆವು. ತರಾಸು ಅವರ ‘ದುರ್ಗಾಸ್ತಮಾನ’ 1982ರಲ್ಲಿ ಬಂತು. 1779ರಲ್ಲಿ ಹೈದರನಿಗೆ ಬಿದ್ದ ಚಿತ್ರದುರ್ಗದ ಕೋಟೆಯೊಳಗಿನ ಮದಕರಿನಾಯಕನ ಪ್ರೇಮ, ಹಟ, ಅನುಮಾನ, ಒಂಟಿತನ ಎಲ್ಲವೂ ಅದರಲ್ಲಿವೆ. ಇವುಗಳಲ್ಲಿ ಎಷ್ಟಕ್ಕೆ ದಾಖಲೆಯ ಆಧಾರವಿದೆ ಎಂದು ಯಾವ ಓದುಗನೂ ತಕರಾರು ತೆಗೆಯಲಿಲ್ಲ. ತೆಗೆಯಬೇಕಾಗಿಯೂ ಇರಲಿಲ್ಲ. ಅದೇ ಕೋಟೆಯ ಓಬವ್ವನನ್ನು ನಮಗೆ ಮುಟ್ಟಿಸಿದ್ದೇ ಮುಖ್ಯವಾಗಿ ಜನರ ಬಾಯಿಮಾತು. ಅವಳ ಕಿಂಡಿಯ ಮುಂದೆ ನಿಂತವರು ಪುರಾವೆ ಕೇಳುವುದಿಲ್ಲ. ದಾಖಲೆ ನಿಂತಲ್ಲಿಂದ ಊಹೆ ಮುಂದುವರಿಯುತ್ತದೆ, ಅದು ಆ ಕಾಲಕ್ಕೂ ಆ ಜನರಿಗೂ ನಿಯತ್ತಾಗಿದ್ದರೆ ಸಾಕು. ಚಾರಿತ್ರಿಕ ಕಾದಂಬರಿಯ ಬಗೆಗೆ ಕನ್ನಡಿಗರು ಒಪ್ಪಿಕೊಂಡು ಬಂದ ಕಟ್ಟಳೆ ಇಷ್ಟೇ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದ ಕಥೆ ಬಂದಾಗಲೂ ಇದೇ ಕಟ್ಟಳೆ ಸಾಕು ಎಂಬುದು ನನ್ನ ವಾದ. ಹೆಚ್ಚಿನ ರಿಯಾಯಿತಿ ಬೇಡ, ಹೆಚ್ಚಿನ ಸುಂಕವೂ ಬೇಡ.

ಈಗ ಆ ಸುಂಕ ಬೀಳುತ್ತಿದೆ. ಹಳೆಯ ಕಾಲದ ಇಬ್ಬರು ಗಂಡಸರ ನಡುವೆ ಒಲವಿತ್ತೆಂದು ಬರೆದ ಕೂಡಲೇ ‘ಆಧಾರ ಎಲ್ಲಿ’ ಎಂಬ ಮಾತು ಬರುತ್ತದೆ. ಗಂಡಹೆಂಡಿರ ಒಲವಿಗೆ ಈ ಮಾತು ಬರುವುದಿಲ್ಲ. ಹೊಯ್ಸಳ ರಾಣಿ ಶಾಂತಲೆಯನ್ನೇ ತೆಗೆದುಕೊಳ್ಳಿ. ಅವಳ ಬಗ್ಗೆ ಶಾಸನಗಳಿವೆ. ಅವಳ ಬಿರುದುಗಳು, ಸಂಗೀತ ನೃತ್ಯಗಳ ಜಾಣ್ಮೆ, ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿ, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದು ಎಲ್ಲ ಗೊತ್ತು. ಮಗಳ ಹಿಂದೆಯೇ ತಾಯಿ ಮಾಚಿಕಬ್ಬೆ ಸಲ್ಲೇಖನ ಕೈಗೊಂಡು ದೇಹಬಿಟ್ಟದ್ದೂ ಗೊತ್ತು. ಶಾಂತಲೆ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಳು ಎಂಬುದು ಗೊತ್ತಿಲ್ಲ. ಗಂಡುಮಗುವಿಲ್ಲದ ಕೊರಗಿಗೆ ಬೆಟ್ಟದ ತುದಿಯಿಂದ ಹಾರಿದಳು ಎಂದು ಜನ ಹೇಳುತ್ತಾರೆ. ಶಾಸನದಲ್ಲಿ ಆ ಹಾರುವಿಕೆಯಿಲ್ಲ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿ, ನಾಟಕಗಳು, ಪ್ರವಾಸಿಗಳಿಗೆ ಗೈಡುಗಳು ಹೇಳುವ ಕಥೆಗಳು ಸೇರಿ ಆ ಬಿಡುವನ್ನು ಪತಿಭಕ್ತಿಯಿಂದಲೂ ತಾಯ್ತನದ ಹಂಬಲದಿಂದಲೂ ತುಂಬಿದವು. ತುಂಬಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅದೂ ತುಂಬಿದ್ದೇ, ಶಾಸನದಿಂದ ಓದಿ ತೆಗೆದದ್ದಲ್ಲ. ನಮಗೆ ರೂಢಿಯಾದ ಭಾವದಿಂದ ಖಾಲಿ ಜಾಗವನ್ನು ತುಂಬಿದಾಗ ಅದು ಊಹೆಯೆಂದು ಅನ್ನಿಸುವುದೇ ಇಲ್ಲ, ಇತಿಹಾಸವೆಂದೇ ಅನ್ನಿಸುತ್ತದೆ. ರೂಢಿಯಿಲ್ಲದ ಭಾವ ಬಂದಾಗ ಮಾತ್ರ ಕೈಚಳಕ ಕಣ್ಣಿಗೆ ಬೀಳುತ್ತದೆ.

ದಾಖಲೆ ಸುಮ್ಮನಿದ್ದರೆ ಅಂಥದ್ದು ಇರಲಿಲ್ಲವೆಂದೇ ಅರ್ಥ ಎನ್ನುವವರು ದಾಖಲೆ ಹುಟ್ಟಿದ್ದು ಏತಕ್ಕೆ ಎಂಬುದನ್ನು ಯೋಚಿಸಬೇಕು. ಕನ್ನಡ ಶಾಸನಗಳಲ್ಲಿ ಹೆಚ್ಚಿನವು ದಾನ, ತೆರಿಗೆ, ಕೆರೆ, ಗಡಿ, ಯುದ್ಧ, ಸಾವುಗಳಿಗೆ ಸಂಬಂಧಿಸಿದವು. ಗಂಡಹೆಂಡಿರ ಪ್ರೀತಿ ಕೂಡ ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೆ ಸಾವಿನ ಹೊತ್ತಿನಲ್ಲಿ ಸಿಗುತ್ತದೆ. ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆ ಗಂಡ ಸತ್ತ ಸುದ್ದಿ ಕೇಳಿ, ಹೆತ್ತವರು ಬೇಡವೆಂದರೂ ಕೇಳದೆ ಬೆಂಕಿ ಹೊಗುತ್ತಾಳೆ. ಅವಳು ಮುಪ್ಪಿನವರೆಗೂ ಗಂಡನೊಡನೆ ನೆಮ್ಮದಿಯಾಗಿ ಬಾಳಿದ್ದರೆ ನಮಗೆ ಅವಳ ಹೆಸರೂ ಗೊತ್ತಾಗುತ್ತಿರಲಿಲ್ಲ. ಆತಕೂರಿನ ಕಲ್ಲು, ಕ್ರಿ.ಶ. 949-50ರದು, ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ತಕ್ಕೋಲದ ಕಾಳಗದಲ್ಲಿ ಕಾದಿದ ಮಣಲೇರ ಒಡೆಯನಿಂದ ಬೇಡಿ ಪಡೆದ ನಾಯಿ ಅದು; ಹಂದಿಯೊಡನೆ ಹೋರಾಡಿ, ಕೊಂದು, ತಾನೂ ಸತ್ತಿತು. ಒಂದು ನಾಯಿಗೆ ಹೆಸರೂ ಕಲ್ಲೂ ಪೂಜೆಯ ಏರ್ಪಾಡೂ ದೊರೆತ ನಾಡಿನಲ್ಲಿ ಲಕ್ಷಾಂತರ ಮನುಷ್ಯರು ಹೆಸರಿಲ್ಲದೆ ಹೋದರು. ಕಲ್ಲಿನ ಮೇಲೆ ಬಂದದ್ದು ಯಾರೋ ಖರ್ಚು ಮಾಡಿ ಉಳಿಸಬೇಕೆಂದುಕೊಂಡದ್ದು. ಆಳು, ದಾಸಿ, ಕುಂಬಾರ, ಮೀನುಗಾರ್ತಿ ಇವರ ಒಲವುಗಳೆಲ್ಲ ಅಲ್ಲಿಂದ ಹೊರಗೇ ಉಳಿದವು, ಹೆಣ್ಣುಗಂಡಿನ ಒಲವೂ ಸೇರಿ. ಆದ್ದರಿಂದ ಸಲಿಂಗ ಪ್ರೇಮದ ಗೈರುಹಾಜರಿಯೊಂದನ್ನೇ ಎತ್ತಿ ಹಿಡಿದು ಪುರಾವೆ ಮಾಡುವುದು ನ್ಯಾಯವಲ್ಲ.

ಎಲ್ಲ ಮೌನಗಳೂ ಒಂದೇ ಬಗೆಯವಲ್ಲ. ಪೋರ್ಚುಗಲ್‌ನಲ್ಲಿ 1536ರಲ್ಲಿ ಇನ್‌ಕ್ವಿಸಿಷನ್ ಸ್ಥಾಪನೆಯಾಯಿತು. ಗಂಡಸರ ನಡುವಿನ ಸಂಗವನ್ನು ಅದು ಘೋರ ಪಾಪವೆಂದು ವಿಚಾರಣೆಗೆ ಎಳೆಯಿತು. ಆ ವಿಚಾರಣೆಗಳ ಕಾಗದಗಳು ಲಿಸ್ಬನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇವತ್ತಿಗೂ ಇವೆ. ಯಾರು ಯಾರನ್ನು ಎಲ್ಲಿ ಭೇಟಿಯಾದರು, ಏನು ಉಡುಗೊರೆ ಕೊಟ್ಟರು, ಯಾವ ಮಾತಾಡಿಕೊಂಡರು ಎಂಬ ವಿವರಗಳು ಅಲ್ಲಿ ಸಿಗುತ್ತವೆ, ಏಕೆಂದರೆ ಶಿಕ್ಷಿಸುವವನಿಗೆ ವಿವರ ಬೇಕು. ಆ ಕಾಲದ ಪೋರ್ಚುಗೀಸ್ ಪ್ರೇಮಿಗಳು ನಮಗೆ ಕಾಣುವುದು ಅವರನ್ನು ಹಿಡಿದವರ ಕೈಬರಹದಲ್ಲಿ. ಗೋವೆಗೆ ಅದೇ ಇನ್‌ಕ್ವಿಸಿಷನ್ 1560ರಲ್ಲಿ ಬಂತು. 1812ರಲ್ಲಿ ಅದನ್ನು ಮುಚ್ಚಿದಾಗ ಅಲ್ಲಿನ ಕಡತಗಳಲ್ಲಿ ಹೆಚ್ಚಿನವನ್ನು ನಾಶಮಾಡಿದರು. ಲಿಸ್ಬನ್ನಿನಲ್ಲಿ ಕಡತ ಉಳಿಯಿತು, ಗೋವೆಯಲ್ಲಿ ಕಡತ ಹುಟ್ಟಿ ಸತ್ತಿತು, ತುಂಗಭದ್ರೆಯ ದಡದಲ್ಲಿ ಅಂಥ ಕಚೇರಿಯೇ ಇರಲಿಲ್ಲ. ಹಾಗಿರುವಾಗ ವಿಜಯನಗರದ ಮೌನವನ್ನು ಲಿಸ್ಬನ್ನಿನ ಕಡತದ ಪಕ್ಕದಲ್ಲಿಟ್ಟು ‘ಅಲ್ಲಿತ್ತು, ಇಲ್ಲಿರಲಿಲ್ಲ’ ಎನ್ನಲು ಬರುವುದಿಲ್ಲ. ಅಲ್ಲಿ ಹಿಡಿಯುವವರಿದ್ದರು, ಇಲ್ಲಿ ಹಾಗೆ ಬರೆದಿಡುವವರಿರಲಿಲ್ಲ. ನಮ್ಮಲ್ಲಿ ಎಲ್ಲವೂ ಉದಾರವಾಗಿತ್ತು ಎಂದು ಇದರಿಂದ ಹೊರಡಬೇಕಿಲ್ಲ. ಮನುಸ್ಮೃತಿ ಗಂಡು ಗಂಡಿನೊಡನೆ ಕೂಡಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕೆಂದು ಪ್ರಾಯಶ್ಚಿತ್ತ ಹೇಳಿ ಸುಮ್ಮನಾಗುತ್ತದೆ. ಕನ್ಯೆಯನ್ನು ಕೆಡಿಸಿದ ಹೆಣ್ಣಿಗೆ ಬೆರಳು ಕತ್ತರಿಸುವ ಮಾತಾಡುತ್ತದೆ. ಹೆಣ್ಣಿನ ಮೇಲಿನ ಆ ಕ್ರೌರ್ಯವನ್ನು ಮರೆತು ನಮ್ಮ ಪರಂಪರೆಯ ಔದಾರ್ಯವನ್ನು ಹೊಗಳುವ ಬರಹಗಳು ಈಚೆಗೆ ಹೆಚ್ಚಿವೆ. ಅವುಗಳ ಸಹಾಯ ನನಗೆ ಬೇಡ.

ಇನ್ನೊಂದು ಬಗೆಯ ಮೌನವಿದೆ, ಅದು ಮನುಷ್ಯರು ಮಾಡಿದ್ದು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಅಚ್ಚು ಹಾಕಿಸಿದರು. ಹಿಂದಿನ ಮುದ್ರಣವೊಂದು ಕವಯಿತ್ರಿ ತನ್ನ ಅಜ್ಜಿ, ತಾಯಂದಿರ ವಂಶವನ್ನು ಹೇಳಿಕೊಂಡ ಭಾಗವನ್ನೂ ಕೆಲವು ಪದ್ಯಗಳನ್ನೂ ಬಿಟ್ಟಿದ್ದನ್ನು ಕಂಡು, ಪೂರ್ತಿ ಪಾಠ ಹುಡುಕಿ ತಂದರು. ದೊಡ್ಡ ಸುಧಾರಕರೆನಿಸಿದ ವೀರೇಶಲಿಂಗಂ ಪಂತುಲು ಅವರಿಗೇ ಅದು ಹೆಣ್ಣಿನ ಬಾಯಲ್ಲಿ ಬರಬಾರದ ಕಾವ್ಯವೆನ್ನಿಸಿತ್ತು. ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡಿತು. ನಿಷೇಧ ತೆರವಾಗಬೇಕಾದರೆ ಸ್ವಾತಂತ್ರ್ಯ ಹೊಸ್ತಿಲಿಗೆ ಬರಬೇಕಾಯಿತು. ಈ ಕಾವ್ಯ ಸಲಿಂಗ ಪ್ರೇಮದ್ದಲ್ಲ. ಆದರೆ ಹೆಣ್ಣು ತನ್ನ ಬಯಕೆಯನ್ನು ತಾನೇ ಹೇಳಿದ ಕೃತಿಯೊಂದು ಹೇಗೆ ಕಾಣೆಯಾಗುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಪ್ರಸಂಗ ನಮ್ಮ ಸುತ್ತ ಇನ್ನೊಂದಿಲ್ಲ. ಇಂಗ್ಲೆಂಡಿನ ಆ್ಯನ್ ಲಿಸ್ಟರ್ 1840ರಲ್ಲಿ ತೀರಿಕೊಂಡಾಗ ಗುಪ್ತಲಿಪಿಯ ಭಾಗಗಳುಳ್ಳ ದಿನಚರಿಗಳನ್ನು ಬಿಟ್ಟು ಹೋಗಿದ್ದಳು. ಆ ಲಿಪಿಯನ್ನು ಬಿಡಿಸಿದ ಅವಳ ವಂಶದವನೊಬ್ಬನಿಗೆ ಅದರಲ್ಲಿ ಹೆಂಗಸರೊಡನೆ ಅವಳ ಪ್ರೇಮದ ವಿವರ ಕಂಡಿತು. ಸುಟ್ಟುಬಿಡು ಎಂದು ಗೆಳೆಯ ಹೇಳಿದ, ಆತ ಸುಡಲಿಲ್ಲ, ಗೋಡೆಯ ಹಲಗೆಯ ಹಿಂದೆ ಬಚ್ಚಿಟ್ಟ. ಒಬ್ಬ ಮನುಷ್ಯನ ಆ ಒಂದು ತೀರ್ಮಾನದಿಂದ ಲಕ್ಷಗಟ್ಟಲೆ ಪದಗಳು ಉಳಿದವು. ಹಾಗೆ ಉಳಿಯದೆ ಹೋದವು ಎಷ್ಟೋ. ಲಖ್ನೋದ ರೇಖ್ತಿ ಕವಿತೆಗಳು ಹೆಂಗಸರ ನಡುವಿನ ಪ್ರೇಮವನ್ನು ಬಹಿರಂಗವಾಗಿ ಹಾಡಿದ್ದವು. ಮುಂದಿನ ಕಾಲದ ಮರ್ಯಾದಸ್ಥ ಉರ್ದು ಸಾಹಿತ್ಯ ಚರಿತ್ರೆ ಅವುಗಳನ್ನು ಮೂಲೆಗೆ ತಳ್ಳಿತು. ಆ ಮೂಲೆಯಿಂದಲೇ ರೂತ್ ವನಿತಾ 2020ರಲ್ಲಿ ‘ಮೆಮೊರಿ ಆಫ್ ಲೈಟ್’ ಎಂಬ ಕಾದಂಬರಿ ಎತ್ತಿದರು. ಅಲ್ಲಿ ಊಹೆಗೆ ನಿಲ್ಲಲು ನೆಲವಿದೆ. ಕನ್ನಡದಲ್ಲಿ ಅಂಥ ನೆಲ ಎಲ್ಲಿದೆ?

ನನಗೆ ತೋರುವ ಒಂದು ಜಾಗ ಹಳೇಬೀಡಿನಲ್ಲಿ, ಅಂದರೆ ಅಂದಿನ ದೋರಸಮುದ್ರದಲ್ಲಿದೆ. ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದ ಗರುಡಗಂಬವನ್ನು ಪ್ರವಾಸಿಗಳು ಹೆಚ್ಚಾಗಿ ದಾಟಿ ಹೋಗುತ್ತಾರೆ. ಒಳಗಿನ ಮದನಿಕೆಯರಿಗೂ ನಂದಿಗೂ ಸಿಗುವ ಗಮನ ಅದಕ್ಕಿಲ್ಲ. ಅದರ ಮೇಲೆ ತಮ್ಮ ಕತ್ತನ್ನು ತಾವೇ ಕೊಯ್ದುಕೊಳ್ಳುವ ವೀರರ ಚಿಕ್ಕ ಶಿಲ್ಪಗಳಿವೆ. ಒಡೆಯ ಸತ್ತ ಮೇಲೆ ತಾವು ಬದುಕಿರುವುದಿಲ್ಲ ಎಂದು ಭಾಷೆ ಕೊಟ್ಟ ಆಳುಗಳನ್ನು ಶಾಸನಗಳು ಗರುಡ, ಲೆಂಕ, ವೇಳೆವಾಳಿ ಎಂದೆಲ್ಲ ಕರೆಯುತ್ತವೆ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ಆತ್ಮಬಲಿಯ ಪದ್ಧತಿಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಗಂಬದ ಶಾಸನ ಕುವರ ಲಕ್ಷ್ಮನದು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಸಾವಿರ ಮಂದಿ ವೀರರು ಒಡೆಯನ ಹಿಂದೆ ಹೋದರು. ದೊರೆ ಅವನನ್ನು ಮಗನಂತೆ ಸಾಕಿದ್ದನೆಂದೂ ಇಬ್ಬರ ನಡುವೆ ಭೇದವೇ ಇರಲಿಲ್ಲವೆಂದೂ ಶಾಸನದ ಧಾಟಿ. ಓದಿದರೆ ಮೈ ನಡುಗುತ್ತದೆ. ಕನ್ನಡದಲ್ಲಿ ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಕೊಟ್ಟ ಮಾತು ಇದಕ್ಕಿಂತ ಬಲವಾಗಿ ಕಲ್ಲಿನ ಮೇಲೆ ಬಂದದ್ದನ್ನು ನಾನು ಕಾಣೆ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ, ಅದನ್ನು ತಡೆಯಬೇಕು ಎಂದು ನನ್ನ ಅಭಿಪ್ರಾಯ. ಬಲ್ಲಾಳ ಮತ್ತು ಲಕ್ಷ್ಮರನ್ನೇ ಪ್ರೇಮಿಗಳನ್ನಾಗಿ ಮಾಡಿ ಕಾದಂಬರಿ ಬರೆದುಬಿಡುವ ಆಸೆ. ಶಾಸನ ಹೇಳುವುದು ಸಾಕುಮಗನ ನಂಟನ್ನು. ಅದರ ಜೊತೆಗೆ ಅದು ಅನ್ನದ ಋಣ, ಪದವಿ, ವಂಶದ ಕೀರ್ತಿ, ಸ್ವರ್ಗ ಇವೆಲ್ಲ ಹೆಣೆದುಕೊಂಡ ಒಂದು ಊಳಿಗದ ಪದ್ಧತಿ. ಅದರ ಬಿಸಿಯೆಲ್ಲವನ್ನೂ ಕಾಮವೆಂದು ಓದಿದರೆ ಶಾಸನ ಹೇಳಿದ್ದನ್ನು ಕೇಳಿಸಿಕೊಳ್ಳದ ಹಾಗಾಗುತ್ತದೆ. ಆದರೆ ಅಲ್ಲಿ ಸಾವಿರ ಮಂದಿ ಇದ್ದಾರೆ. ಆ ಸಾವಿರ ಮಂದಿಗೆ ಹೆಸರಿಲ್ಲ. ವರ್ಷಾನುಗಟ್ಟಲೆ ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಒಟ್ಟಿಗೆ ದಂಡೆತ್ತಿ ಹೋದವರು, ಸಾಯುವ ದಿನವನ್ನು ಮೂರನೆಯವನೊಬ್ಬನ ಉಸಿರಿಗೆ ಕಟ್ಟಿಹಾಕಿಕೊಂಡವರು. ಅವರಲ್ಲಿ ಇಬ್ಬರಿಗೆ ಒಬ್ಬರ ಮೇಲೊಬ್ಬರಿಗೆ ಒಲವಿತ್ತು ಎಂದು ಊಹಿಸಲು ಯಾವ ಶಾಸನವೂ ಅಡ್ಡ ಬರುವುದಿಲ್ಲ. ಕಾದಂಬರಿಗೆ ಇದಕ್ಕಿಂತ ಗಟ್ಟಿಯಾದ ಬಿಕ್ಕಟ್ಟು ಯಾವುದು ಬೇಕು? ಒಡೆಯನಿಗೆ ಕೊಟ್ಟ ಜೀವ ಈಗ ಇನ್ನೊಬ್ಬನಿಗೂ ಸೇರಿದೆ. ದೊರೆಯ ಮೈಗೆ ಜ್ವರ ಬಂದರೆ ಇಬ್ಬರಿಗೂ ತಮ್ಮ ದಿನಗಳು ಎಣಿಕೆಗೆ ಬಂದವೆಂದು ಗೊತ್ತು. ಹೆಸರಾಂತ ವ್ಯಕ್ತಿಯನ್ನು ಎಳೆದು ತರುವುದಕ್ಕಿಂತ ದಾಖಲೆ ಬರೀ ಲೆಕ್ಕದಲ್ಲಿ ಮುಗಿಸಿದವರ ಕಡೆ ಹೋಗುವುದು ಒಳ್ಳೆಯದೆಂದು ನಾನು ಹೇಳುವುದು ಇದಕ್ಕೇ. ಅಲ್ಲಿ ಸ್ವಾತಂತ್ರ್ಯವೂ ಹೆಚ್ಚು, ಯಾರಿಗೂ ಅನ್ಯಾಯವಾಗದು.

‘ಆ ಕಾಲದವರಿಗೆ ಈ ಕಲ್ಪನೆಯೇ ಇರಲಿಲ್ಲ, ಇದು ಇಂದಿನ ಪಶ್ಚಿಮದ ವಿಚಾರವನ್ನು ಹನ್ನೆರಡನೆಯ ಶತಮಾನದ ತಲೆಗೆ ತುರುಕುವುದು’ ಎಂಬ ಆಕ್ಷೇಪವನ್ನು ವಿದ್ವಾಂಸರೂ ಎತ್ತುತ್ತಾರೆ, ಹಾಗಾಗಿ ಅದನ್ನು ಗೌರವದಿಂದಲೇ ಎದುರಿಸಬೇಕು. ಇವತ್ತಿನ ಅರ್ಥದ ‘ಗೇ’ ಎಂಬ ಗುರುತು, ಅದರ ಸಮುದಾಯ, ಅದರ ಹಕ್ಕಿನ ಭಾಷೆ ದೋರಸಮುದ್ರದಲ್ಲಿ ಇರಲಿಲ್ಲ, ನಿಜ. ಆದರೆ ಮೈ ಒಂದು ಬಗೆ, ಬಯಕೆ ಇನ್ನೊಂದು ಬಗೆ ಇರಬಹುದೆಂಬ ತಿಳಿವಳಿಕೆ ಈ ನೆಲದಲ್ಲೇ ಇತ್ತು. ಶ್ರವಣಬೆಳಗೊಳದ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಬರೆದ ಪ್ರಾಕೃತ ಗ್ರಂಥ ‘ಗೊಮ್ಮಟಸಾರ’ ಜೈನ ಕರ್ಮಸಿದ್ಧಾಂತದ ಸಾರ. ಅದು ಗಂಡು, ಹೆಣ್ಣು, ನಪುಂಸಕ ಎಂಬ ಮೂರು ವೇದಗಳನ್ನು, ಅಂದರೆ ಮೂರು ಬಗೆಯ ಕಾಮಭಾವಗಳನ್ನು ಹೇಳಿ, ದೇಹದ ಲಿಂಗವೂ ಭಾವದ ವೇದವೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ, ಕೆಲವೊಮ್ಮೆ ಬೇರೆಯಾಗಿರುತ್ತವೆ ಎಂದು ಸ್ಪಷ್ಟಪಡಿಸುತ್ತದೆ. ಗಂಡಿನ ಮೈಯಲ್ಲಿ ಹೆಣ್ಣಿನ ಬಯಕೆ, ಹೆಣ್ಣಿನ ಮೈಯಲ್ಲಿ ಗಂಡಿನ ಬಯಕೆ ಇರಬಹುದು. ಹತ್ತನೆಯ ಶತಮಾನದ ಕೊನೆಯ ಹೊತ್ತಿನ ಮಾತಿದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವ್ಯಾಕರಣಕಾರ ಶಾಕಟಾಯನ ಅದಕ್ಕೂ ಮೊದಲೇ ಹೆಣ್ಣಿಗೆ ಮೋಕ್ಷವುಂಟೆಂದು ವಾದಿಸುತ್ತ ಈ ವೇದದ ಚರ್ಚೆಗೆ ಇಳಿದಿದ್ದ. ಇವರು ಬಯಕೆಯನ್ನು ಹೊಗಳಲು ಬರೆಯಲಿಲ್ಲ. ಯಾವ ಬಯಕೆಯಾದರೂ ಅವರಿಗೆ ಬಂಧನವೇ. ಪುರುಷವೇದ ಹುಲ್ಲಿನ ಬೆಂಕಿ, ಸ್ತ್ರೀವೇದ ಬೆರಣಿಯ ಬೆಂಕಿ, ನಪುಂಸಕವೇದ ಇಟ್ಟಿಗೆ ಗೂಡಿನ ಬೆಂಕಿ ಎಂದು ‘ಗೊಮ್ಮಟಸಾರ’ ಕೊನೆಯದನ್ನು ಎಲ್ಲಕ್ಕಿಂತ ಕಠಿಣವಾಗಿಯೇ ಕಂಡಿತು. ಆದರೂ ಅದು ಕಂಡಿತು, ಎಣಿಸಿತು, ವಿವರಿಸಿತು.

ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ಜನ್ನನಿದ್ದಾನೆ. ಇದೇ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ರಾಣಿ ಅಮೃತಮತಿ ಚೆಲುವನಾದ ರಾಜನನ್ನು ಬಿಟ್ಟು ಕುರೂಪಿ ಮಾವುತನ ಹಾಡಿಗೆ ಸೋಲುತ್ತಾಳೆ. ಕವಿ ಅವಳನ್ನು ಮೆಚ್ಚುವುದಿಲ್ಲ, ಕಾವ್ಯ ಅವಳನ್ನು ನರಕಕ್ಕೆ ಕಳಿಸುತ್ತದೆ. ಆದರೆ ಬಯಕೆ ಅಂತಸ್ತು, ರೂಪ, ಧರ್ಮ ಯಾವುದನ್ನೂ ಕೇಳಿ ಬರುವುದಿಲ್ಲ ಎಂಬುದನ್ನು ಆ ಕಾವ್ಯದಷ್ಟು ಆಳವಾಗಿ ಬಲ್ಲ ಕೃತಿ ಹಳಗನ್ನಡದಲ್ಲಿ ಅಪರೂಪ. ಗರುಡರು ಸಾಯುವ 11 ವರ್ಷ ಮೊದಲು ಅವರ ದೊರೆಯ ಆಸ್ಥಾನದಲ್ಲಿ ಈ ತಿಳಿವು ಇತ್ತು. ನನ್ನ ಊಹೆಯ ಇಬ್ಬರು ಆಳುಗಳು ತಮ್ಮನ್ನು ತಾವು ಯಾವ ಹೆಸರಿನಿಂದ ಕರೆದುಕೊಳ್ಳುತ್ತಿದ್ದರು ಎಂದು ಕಾದಂಬರಿ ಹೇಳಬೇಕಾಗಿಲ್ಲ. ಅವರು ಅದನ್ನು ಪೂರ್ವಜನ್ಮದ ಕರ್ಮವೆನ್ನಬಹುದು, ಮೋಹವೆನ್ನಬಹುದು, ಗೆಳೆತನವೆನ್ನಬಹುದು, ಏನೂ ಅನ್ನದೆ ಇರಬಹುದು. ಕಾಲಕ್ಕೆ ನಿಯತ್ತಾಗಿರುವುದೆಂದರೆ ಆ ಕಾಲದ ತಿಳಿವಳಿಕೆಯ ಒಳಗಿನಿಂದ ಪಾತ್ರ ಮಾತಾಡುವುದು. ಪಾತ್ರದ ಬಾಯಿಗೆ, ಸಲಿಂಗ ಸಂಬಂಧ ಅಪರಾಧವಲ್ಲವೆಂದ 2018ರ ಸುಪ್ರೀಂ ಕೋರ್ಟಿನ ತೀರ್ಪಿನ ಭಾಷೆ ತುರುಕಿದರೆ ಆ ಕಾದಂಬರಿ ಕೆಡುತ್ತದೆ. ಆ ತಪ್ಪು ಬರೆದವರದು, ವಸ್ತುವಿನದಲ್ಲ. ಹೊಯ್ಸಳ ರಾಣಿಯ ಬಾಯಲ್ಲಿ ಇಪ್ಪತ್ತನೆಯ ಶತಮಾನದ ರಾಷ್ಟ್ರಭಕ್ತಿಯ ಭಾಷಣ ಬಂದಾಗ ನಾವು ಸಹಿಸಿದ್ದೇವೆ ಎಂಬುದನ್ನೂ ನೆನಪಿಡಬೇಕು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಎಲ್ಲ ಗೆಳೆತನವನ್ನೂ ಕಾಮಕ್ಕೆ ತಿರುಗಿಸಿದರೆ ಗೆಳೆತನಕ್ಕೆ ಏನು ಉಳಿಯಿತು? ಕರ್ಣ ದುರ್ಯೋಧನರ ನಂಟನ್ನು ಪಂಪನ ನಾಡಿನವರು ಸಾವಿರ ವರ್ಷದಿಂದ ಎದೆಯಲ್ಲಿಟ್ಟುಕೊಂಡು ಬಂದಿದ್ದಾರೆ. ಅದು ಪ್ರಣಯವಲ್ಲದೆಯೂ ಪೂರ್ಣ. ಹೆಗಲ ಮೇಲೆ ಕೈಹಾಕಿ ನಡೆಯುವ ಗಂಡಸರು, ಒಬ್ಬರ ತಲೆ ಇನ್ನೊಬ್ಬರು ಬಾಚುವ ಹೆಂಗಸರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ, ಆ ಮೈಯ ಸಲಿಗೆಗೆ ಒಂದೇ ಅರ್ಥ ಹಚ್ಚುವುದು ದೊಡ್ಡ ನಷ್ಟ. ಈ ಆಕ್ಷೇಪದ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ. ಉಳಿದ ಕಾಲು ಪಾಲಿನಲ್ಲಿ ನನ್ನ ಮಾತಿದೆ. ಗೆಳೆತನದ ಆ ಅಗಲವಾದ ನೆರಳೇ ಪ್ರೇಮಿಗಳಿಗೆ ಆಸರೆ ಕೊಟ್ಟಿರಬೇಕು. ಸಾವಿರ ಗರುಡರಲ್ಲಿ 998 ಮಂದಿ ಗೆಳೆಯರಾಗಿರಲಿ, ಶತ್ರುಗಳಾಗಿರಲಿ, ಒಬ್ಬರನ್ನೊಬ್ಬರು ಸಹಿಸಿಕೊಂಡವರಾಗಿರಲಿ. ಇಬ್ಬರು ಬೇರೆ ಇದ್ದರೆಂದು ಬರೆಯುವುದರಿಂದ ಉಳಿದವರ ಗೆಳೆತನ ಮುಕ್ಕಾಗುವುದಿಲ್ಲ. ಒಳ್ಳೆಯ ಕಾದಂಬರಿಕಾರ ಆ ಎರಡರ ನಡುವಿನ ವ್ಯತ್ಯಾಸವನ್ನೇ ಬರೆಯುತ್ತಾನೆ: ಎಲ್ಲರೂ ಹೆಗಲ ಮೇಲೆ ಕೈಹಾಕುವ ಪಾಳೆಯದಲ್ಲಿ ಒಬ್ಬನಿಗೆ ಮಾತ್ರ ಆ ಕೈ ಹಾಕಲು ಭಯವೇಕೆ?

ಪೂರ್ವಿಕರ ಮಾನದ ಪ್ರಶ್ನೆ ಎತ್ತುವವರೂ ಇದ್ದಾರೆ. ಸಮುದಾಯಗಳು ದೈವವಾಗಿ ಕಾಣುವ ಶರಣರನ್ನು, ದಾಸರನ್ನು, ದೊರೆಗಳನ್ನು ಹೊಡೆದಾಟದ ವಸ್ತು ಮಾಡುವುದರಿಂದ ಸಾಹಿತ್ಯಕ್ಕೆ ಲಾಭವಿಲ್ಲ, ಅದನ್ನು ಆಗಲೇ ಹೇಳಿದ್ದೇನೆ. ಆದರೆ ಹೆಸರಿಲ್ಲದ ಆಳಿನ ಒಲವಿನಿಂದ ನಾಡಿಗೆ ಕಳಂಕ ಬರುತ್ತದೆ ಎನ್ನುವವರು ಒಲವೇ ಕಳಂಕವೆಂದು ಮೊದಲೇ ಒಪ್ಪಿಕೊಂಡು ಮಾತಾಡುತ್ತಾರೆ. ಆ ಒಪ್ಪಿಗೆಗೆ ಕಾನೂನಿನ ಬಲ ಬಂದದ್ದು ಎಲ್ಲಿಂದ? ಅದು ಎಂಟನೆಯ ಹೆನ್ರಿ 1533ರಲ್ಲಿ ಇಂಗ್ಲೆಂಡಿನಲ್ಲಿ ತಂದ ಕಾನೂನಿನ ವಂಶದಲ್ಲಿ ಹುಟ್ಟಿ, 1860ರ ದಂಡಸಂಹಿತೆಯ 377ನೆಯ ಕಲಮಾಗಿ ನಮ್ಮಲ್ಲಿಗೆ ಇಳಿದು, ಜೀವಾವಧಿ ಶಿಕ್ಷೆಯವರೆಗಿನ ಭಯವನ್ನು ಒಂದೂವರೆ ಶತಮಾನ ಹರಡಿತು. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿರುವ ವಯಸ್ಕರ ಮಟ್ಟಿಗೆ, ಅದನ್ನು ತೆಗೆದುಹಾಕಿತು. ನಮ್ಮ ತಲೆಮಾರಿನ ಪ್ರೀತಿಯ ಕಾದಂಬರಿಗಳೆಲ್ಲ ಆ ಕಲಮು ಜಾರಿಯಲ್ಲಿದ್ದ ಕಾಲದಲ್ಲೇ ಹುಟ್ಟಿದವು. ಮಾಸ್ತಿಯಾಗಲಿ ತರಾಸು ಆಗಲಿ ಅದನ್ನು ನೆನೆದು ಹೆದರಿ ಬರೆದರೆಂದು ನಾನು ಹೇಳುವುದಿಲ್ಲ. ಆದರೆ ಯಾವುದನ್ನು ಊಹಿಸಬಹುದು ಎಂಬುದರ ಎಲ್ಲೆ ಆ ಗಾಳಿಯಲ್ಲೇ ಇತ್ತು, ಓದುಗರಾದ ನಾವೂ ಅದೇ ಗಾಳಿಯಲ್ಲಿ ಉಸಿರಾಡಿದೆವು.

ಜೋಗಪ್ಪರನ್ನು ಇಲ್ಲಿ ಸಾಕ್ಷಿಗೆ ಕರೆಯುವುದು ಈಗ ರೂಢಿಯಾಗಿದೆ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಚೌಡಿಕೆ ಹಿಡಿದು ಹಾಡುವ ಆ ಪರಂಪರೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಜೀವಂತ. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಗೌರವ ಬಂದದ್ದು ಸಂತೋಷ. ಆದರೆ ಅವರದು ದೇವಿಯ ಸೇವೆ, ಹೆಣ್ಣಾಗಿ ಬಾಳುವ ಬದುಕು; ಅದನ್ನು ಗಂಡು ಗಂಡಿನ ಪ್ರೇಮದ ಪುರಾವೆಯೆಂದು ಎಳೆದು ತಂದರೆ ಇಬ್ಬರಿಗೂ ಅನ್ಯಾಯ. ಜೋಗಪ್ಪರ ಇತಿಹಾಸ ಬೇರೆಯೇ ಕಾದಂಬರಿಯನ್ನು ಕೇಳುತ್ತದೆ, ಅದನ್ನು ಬರೆಯುವ ಹಕ್ಕು ಮೊದಲು ಅವರದು.

ಹೆಣ್ಣಿನ ಮಟ್ಟಿಗೆ ಕಷ್ಟ ಇಮ್ಮಡಿ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಅರಮನೆಯ ಹೆಂಗಸರಲ್ಲಿ ಕುಸ್ತಿಯಾಡುವವರು, ವಾದ್ಯ ನುಡಿಸುವವರು, ಒಳಗಿನ ಖರ್ಚಿನ ಲೆಕ್ಕ ಬರೆಯುವವರು ಇದ್ದರೆಂದು ದಾಖಲಿಸುತ್ತಾನೆ. ಲೆಕ್ಕ ಬರೆಯುವ ಹೆಣ್ಣೆಂದರೆ ಅಕ್ಷರ ಬಲ್ಲವಳು, ದಿನದ ಲೆಕ್ಕದ ಪಕ್ಕದಲ್ಲಿ ಬೇರೇನನ್ನಾದರೂ ಬರೆಯಬಲ್ಲವಳು. ಅವರ ಹಾಳೆಗಳು ನಮಗೆ ಉಳಿದಿಲ್ಲ. ಹೊರಗಿನ ಗಂಡಸು ಕಾಲಿಡದ ಆ ಮನೆಯನ್ನು ಹೊರಗಿನ ಗಂಡಸರೇ ವರ್ಣಿಸಿದ್ದಾರೆ, ಆ ವರ್ಣನೆಯಲ್ಲಿ ಹೆಂಗಸರೆಲ್ಲ ದೊರೆಯ ಕಡೆ ಮುಖಮಾಡಿ ನಿಂತಿದ್ದಾರೆ. ಅವರು ಒಬ್ಬರ ಕಡೆಗೊಬ್ಬರು ಮುಖ ತಿರುಗಿಸಿದ ಕಥೆಯನ್ನು ಯಾರಾದರೂ ಬರೆಯಬೇಕು: ಕುಸ್ತಿಯವಳು ಒಬ್ಬಳು, ಲೆಕ್ಕದವಳು ಒಬ್ಬಳು. ಅಂಥ ಕಾದಂಬರಿಯನ್ನು ಹೆಣ್ಣು ಬರೆದರೆ ಹೆಚ್ಚು ಸಂತೋಷ. ಅಂತಃಪುರದ ದಿನಚರಿಯಲ್ಲಿ ಎಲ್ಲಿ ಬಿಡುವಿರುತ್ತದೆ, ಎಲ್ಲಿ ಕಣ್ಣಿರುತ್ತದೆ ಎಂಬುದು ಅವಳಿಗೆ ಬೇಗ ತಿಳಿಯುತ್ತದೆ.

ಮಾದರಿಗಳು ಇಲ್ಲದಿಲ್ಲ. ಮಾರ್ಗರೀತ್ ಯೂರ್ಸನಾರ್ 1951ರಲ್ಲಿ ‘ಹೇಡ್ರಿಯನ್ನನ ಸ್ಮೃತಿಗಳು’ ಬರೆದಾಗ ಅವರ ಮುಂದಿದ್ದ ತೊಂದರೆ ನಮ್ಮದಕ್ಕೆ ವಿರುದ್ಧದ್ದು. ಕ್ರಿ.ಶ. 130ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತ ಆಂಟಿನೊಸ್‌ನ ಮೂರ್ತಿಗಳು ಲೆಕ್ಕವಿಲ್ಲದಷ್ಟಿವೆ, ಅವನ ಹೆಸರಿನ ನಗರವೂ ಇತ್ತು. ಅವನು ಆಡಿದ ಒಂದು ಮಾತೂ ಇಲ್ಲ. ಕಥೆಯೆಲ್ಲ ಚಕ್ರವರ್ತಿಯ ಬಾಯಲ್ಲಿ ಬರುವುದರಿಂದ ಕಾದಂಬರಿಯಲ್ಲೂ ಆ ಹುಡುಗ ತನ್ನ ದನಿಯಲ್ಲಿ ಮಾತಾಡುವುದಿಲ್ಲ, ಅದನ್ನು ಲೇಖಕಿ ಬೇಕೆಂದೇ ಹಾಗೆ ಬಿಟ್ಟಂತಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಉಳಿಸಿಕೊಂಡೂ ಪ್ರೇಮವನ್ನು ನಂಬಿಸಬಹುದು. ಹಳೇಬೀಡಿನ ಕಾದಂಬರಿ ಬರೆಯುವವರು ಒಂದು ಆಮಿಷವನ್ನು ಗೆಲ್ಲಬೇಕಾಗುತ್ತದೆ. ಇಬ್ಬರೂ ರಾತ್ರೋರಾತ್ರಿ ಪಾಳೆಯದಿಂದ ತಪ್ಪಿಸಿಕೊಂಡು ಮಲೆನಾಡಿನಲ್ಲೆಲ್ಲೋ ಸುಖವಾಗಿ ಬಾಳಿದರೆಂದು ಬರೆದರೆ ಓದುಗನಿಗೆ ಹಿತವಾಗುತ್ತದೆ, ಶಾಸನ ಹೇಳಿದ ಸಾವಿರದ ಲೆಕ್ಕ ಸುಳ್ಳಾಗುತ್ತದೆ. ಶಾಸನವನ್ನು ಮುಟ್ಟದೆ ಬರೆಯುವುದಾದರೆ ಇಬ್ಬರೂ ಸಾಯಲೇಬೇಕು, ಅವರ ಸಾವು ಉಳಿದ 998 ಮಂದಿಯ ಸಾವಿನಂತೆ ಒಡೆಯನ ಲೆಕ್ಕಕ್ಕೇ ಜಮೆಯಾಗಬೇಕು. ಆದರೆ ಸಾಯುವ ಮುಂಚಿನ ವರ್ಷಗಳ ಮೇಲೆ ಶಾಸನಕ್ಕೆ ಹಕ್ಕಿಲ್ಲ. ದಂಡಯಾತ್ರೆಯ ಗುಡಾರದಲ್ಲಿ, ದೋರಸಮುದ್ರದ ಕೆರೆಯ ಮೆಟ್ಟಿಲ ಮೇಲೆ, ಒಬ್ಬನಿಗೆ ಗಾಯವಾದಾಗ ಇನ್ನೊಬ್ಬ ಬೇರು ಅರೆಯುವ ಹೊತ್ತಿನಲ್ಲಿ ಕಾದಂಬರಿಗೆ ಬೇಕಾದಷ್ಟು ಕಾಲವಿದೆ. ಒಬ್ಬನಿಗೆ ಊರಲ್ಲಿ ಹೆಂಡತಿಯಿದ್ದಳೆಂದು ಇಟ್ಟುಕೊಂಡರೆ ಅವಳಿಗೂ ಅದರಲ್ಲಿ ಪಾಲು ಬರಬೇಕು, ಏಕೆಂದರೆ ಲಕ್ಷ್ಮನ ಜೊತೆ ಸುಗ್ಗಲದೇವಿಯೂ ಸತ್ತಳೆಂದು ಬರೆದವರು ಅವಳನ್ನು ಕೇಳಿ ಬರೆದಿರಲಾರರು.